ಆನೆ ಮಾರಿ ಆಡು ತಂದೆ

ಕುಸುಮಾ,

ನಮ್ಮ ಆನೆಯನ್ನು ಮಾರಿಬಿಟ್ಟೆ. ನೀನಿದ್ದಿದ್ದರೆ ಒಂದು ಹೊತ್ತು ಊಟ ಬಿಟ್ಟು ಮುನಿಸಿಕೊಳ್ಳುತ್ತಿದ್ದೆ. ಮಾರನೆಯ ದಿನವೇ ಹೊಸ ಗಾಡಿಯ ಹಿಂದಿನ ಸೀಟನ್ನು ಒತ್ತಿ ನೋಡಿ, 'ಇದೇನ್ರೀ, ಒಳ್ಳೆ ಹಲಗೆ ಥರ ಇದೆ' ಅನ್ನುತ್ತಿದ್ದೆ. ಅಷ್ಟು ದೊಡ್ಡ ಮೋಟಾರ್ ಸೈಕಲ್ಲಿಗೆ ಆನೆ ಅಂತ ಹೆಸರಿಟ್ಟವಳು ನೀನೇ ತಾನೆ. ಹುಣಸೂರಿನ ಗಂಡ ಹೆಂಡತಿ ಬಂದು ಕೊಂಡುಕೊಂಡರು. ಆಕೆ ಹಿಂದೆ ಕೂತು ಗಂಡನ ಹೆಗಲ ಮೇಲೆ ಕೈಯಿಟ್ಟದ್ದನ್ನು ನೋಡಲಾರದೆ ನಾನು ಗೇಟು ಹಾಕಿಕೊಂಡು ಒಳಗೆ ಬಂದೆ. ಗೋಕುಲಂನ ತಿರುವು ದಾಟುವ ತನಕ ಅದರ ಸದ್ದು ಕೇಳಿಸುತ್ತಲೇ ಇತ್ತು.

ಮಾರದೆ ಬೇರೆ ದಾರಿ ಇರಲಿಲ್ಲ. ನನ್ನ ಎಡಮಂಡಿ ಈಗ ಅರ್ಧ ಮಾತ್ರ ಮಡಚುತ್ತದೆ. ರಿಪೇರಿ ಮಾಡಿಸಿ ತಂದ ಮೇಲೆ ಆನೆಗೆ ಹೊದಿಕೆ ಹೊದಿಸಿ ನಿಲ್ಲಿಸಿದ್ದೆ. ಒಂದು ದಿನ ಧೈರ್ಯ ಮಾಡಿ ಮನೆಯ ಮುಂದೆಯೇ ಹತ್ತಿದೆ. ನಿಂತ ಜಾಗದಲ್ಲೇ ಎಡಕ್ಕೆ ವಾಲಿತು, ಕಾಲು ತಡೆಯಲಿಲ್ಲ, ಇಬ್ಬರೂ ಮಲಗಿದೆವು. ಯೋಗ ಕಲಿಯಲು ಬಂದ ವಿದೇಶದ ಹೆಂಗಸೊಬ್ಬಳು ಓಡಿಬಂದು ಗಾಡಿಯನ್ನೂ ನನ್ನನ್ನೂ ಎತ್ತಿ ನಿಲ್ಲಿಸಿದಳು. ಅವಳ ತೋಳಿನ ಬಲ ನೋಡಿ ನಗು ಬಂತು. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅತ್ತುಬಿಟ್ಟೆ.

ಹೊಸದು ಅದರ ಮುಂದೆ ಆಡು. ಒಂಟಿ ಸಿಲಿಂಡರು, ಪುಟ್ಟ ಟ್ಯಾಂಕು, ಎಂಬತ್ತು ದಾಟಿದರೆ ಅಂಗೈ ಜುಮುಗುಟ್ಟುತ್ತದೆ. ಆದರೆ ಬಿದ್ದರೆ ನಾನೊಬ್ಬನೇ ಎಬ್ಬಿಸಬಲ್ಲೆ, ನನಗೆ ಬೇಕಾದದ್ದು ಅಷ್ಟೇ. ದೂರದ ಪ್ರಯಾಣಕ್ಕೆ ಅಣಿಮಾಡಿದ್ದೇನೆ. ಸೀಟಿನ ಸ್ಪಂಜು ಕೊರೆಸಿ ತಗ್ಗಿಸಿದೆ. ಪಾದ ಎತ್ತದೆ ಹಿಮ್ಮಡಿಯಿಂದಲೇ ತುಳಿಯಬಹುದಾದ ಗೇರ್ ಲಿವರ್ ಹಾಕಿಸಿದೆ. ಎದೆಗೆ ಗಾಳಿ ಬಡಿಯದಂತೆ ಮುಂದೊಂದು ಎತ್ತರದ ಗಾಜು, ಮಂಜಿನಲ್ಲಿ ದಾರಿ ಕಾಣಲು ಹಳದಿ ದೀಪ, ಎರಡು ಪಕ್ಕಕ್ಕೂ ಮಳೆನೀರು ಇಳಿಯದ ಚೀಲ. ಹಗುರದ ಗಾಡಿ ಕೊಂಡು ಅದರ ಮೇಲೆ ಭಾರ ಹೇರುವವನಷ್ಟು ದಡ್ಡ ಇನ್ನೊಬ್ಬನಿಲ್ಲ ಅಂತ ನೀನು ಹಂಗಿಸುವುದು ಗೊತ್ತು. ಅದಕ್ಕೇ ಒಂದೊಂದನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ. ಈ ಗಾಡಿಗೆ ಹೊಂದುವ ಪಾನಾಗಳು ಮಾತ್ರ, ಎರಡು ಜೊತೆ ಬಟ್ಟೆ, ಪಂಕ್ಚರ್ ಸಾಮಾನು, ಮಂಡಿಗೆ ಕಟ್ಟುವ ಪಟ್ಟಿ, ನೋವಿನ ಮಾತ್ರೆ. ದಾರಿಯಲ್ಲಿ ಕಾಫಿ ಕಾಯಿಸುತ್ತಿದ್ದೆಯಲ್ಲ, ಆ ಪುಟ್ಟ ಸ್ಟವ್ ಬಿಟ್ಟೆ. ಒಬ್ಬನಿಗೆ ಅದೇಕೆ.

ಚೀಲಗಳನ್ನು ತೂಗುಹಾಕಲು ಕಬ್ಬಿಣದ ಚೌಕಟ್ಟು ಬೇಕಿತ್ತು. ಆ ದಿನದಿಂದ ನಾನು ಮಂಡಿ ಮೊಹಲ್ಲಾ ಕಡೆ ತಲೆ ಹಾಕಿರಲಿಲ್ಲ. ಆದರೆ ನನಗೆ ಗೊತ್ತಿರುವ, ಪೈಪನ್ನು ಸರಿಯಾಗಿ ಬಾಗಿಸುವವರು ಇರುವುದು ಅಲ್ಲೇ. ನಿಮ್ಮಪ್ಪನ 'ಗುರುಮಲ್ಲಪ್ಪ ಬೆಲ್ಲದ ಮಂಡಿ' ಬೋರ್ಡು ಕಣ್ಣಿಗೆ ಬೀಳದಂತೆ ಸುತ್ತು ಹಾಕಿಕೊಂಡು ಅಕ್ರಂ ಭಾಯಿಯ ವೆಲ್ಡಿಂಗ್ ಅಂಗಡಿಗೆ ಹೋದೆ. ಚೌಕಟ್ಟು ಕೂರಬೇಕಾದರೆ ಹಿಂದೆ ಕೂತವರು ಕಾಲೂರುವ ಫುಟ್‌ರೆಸ್ಟು ಅಡ್ಡ ಬರುತ್ತಿತ್ತು. 'ಹಿಂದೆ ಯಾರಾದ್ರೂ ಕೂರ್ತಾರಾ ಸಾರ್? ಇಲ್ಲಾಂದ್ರೆ ಇದನ್ನ ತೆಗೆದ್ಬುಡ್ತೀನಿ' ಅಂದರು. ಅವರಿಗೇನು ಗೊತ್ತು. ತೆಗೆಯಿರಿ ಅಂದೆ. ಎರಡನ್ನೂ ಬಿಚ್ಚಿ ನನ್ನ ಕೈಗೆ ಕೊಟ್ಟರು. ಎಲ್ಲಿಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡು ಬಂದೆ.

ಈ ಸಲ ಆಯುಧಪೂಜೆಯ ದಿನ ನಾನು ಮೈಸೂರಿನಲ್ಲಿ ಇರಲಾರೆ. ಹೋದ ವರ್ಷ ಕಿಟಕಿ ಬಾಗಿಲು ಭದ್ರಪಡಿಸಿಕೊಂಡು ಕೂತಿದ್ದೆ. ಆದರೂ ಬೀದಿಯಲ್ಲಿ ಬೂದುಗುಂಬಳ ಒಡೆಯುವ ಸದ್ದು ಕೇಳಿಸಿತು, ಒಂದಾದ ಮೇಲೊಂದು. ಅದಕ್ಕೇ ಧನುಷ್ಕೋಟಿಗೆ ಹೊರಟಿದ್ದೇನೆ. ಅಲ್ಲಿ ರಸ್ತೆ ಸಮುದ್ರಕ್ಕೆ ಬಂದು ಮುಗಿದುಹೋಗುತ್ತದಂತೆ, ಒಂದು ಸಲ ನೋಡಬೇಕು ಅಂತ ನೀನು ಹೇಳುತ್ತಲೇ ಇದ್ದೆ.

ಅಷ್ಟು ದೂರ ಹೋಗುವ ಬದಲು ನಿನ್ನ ಹತ್ತಿರವೇ ಬರಬಹುದಿತ್ತು. ಕಡಕೊಳದ ನಿಮ್ಮ ತೋಟ ಎಷ್ಟು ಮಹಾ ದೂರ. ಆದರೆ ನಾನು ಇನ್ನೂ ನಿನ್ನ ಸಮಾಧಿಯನ್ನೇ ನೋಡಿಲ್ಲ. ನಾನು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಾಗ ನಿಮ್ಮಪ್ಪ ಅಮ್ಮ ನಿನ್ನನ್ನು ತೋಟಕ್ಕೆ ಕೊಂಡೊಯ್ದು, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂರಿಸಿ ಮಣ್ಣು ಮಾಡಿದರಂತೆ. ನಡೆದಾಡುವಂತಾದ ಮೇಲೆ ಊರುಗೋಲು ಹಿಡಿದು ಹೋದೆ. ಅತ್ತೆ ಗೇಟಿನ ಒಳಗೇ ನಿಂತು ಹೇಳಿದರು, 'ನಿನ್ನ ಶೋಕಿಗೆ ನನ್ನ ಮಗಳು ಹೋದ್ಲು. ಆ ದೆವ್ವದಂಥ ಗಾಡಿ ಮೇಲೆ ಕೂರಿಸ್ಕೊಂಡು ಅವಳನ್ನ ಕೊಂದೆ. ನಾನು ಬದುಕಿರೋ ಗಂಟ ಇಲ್ಲಿ ಕಾಲಿಡಬೇಡ.' ಅಳಿಯಂದಿರು, ನೀವು ಅಂತ ಬಾಯ್ತುಂಬ ಕರೆಯುತ್ತಿದ್ದವರ ಬಾಯಿಂದ ಬಂದ ಮಾತು. ಮಾವ ಹಿಂದೆ ನಿಂತಿದ್ದರು, ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಹೇಳಬಹುದಾದ ಒಂದು ಮಾತು ನನ್ನ ಬಳಿ ಇತ್ತು. ಅದನ್ನು ಇವತ್ತು ನಿನಗೆ ಹೇಳುತ್ತೇನೆ.

ಗಾಡಿಯ ಭಾರ ತಡೆಯಲಾಗದೆ ನಾನು ಬೀಳಿಸಿದೆ ಅಂತ ಎಲ್ಲರೂ ಹೇಳುತ್ತಾರೆ. ಹಬ್ಬದ ದಿನ ಮಂಡಿ ಮೊಹಲ್ಲಾದ ಆ ಜನಜಂಗುಳಿಯಲ್ಲಿ ನಾನು ಎಷ್ಟು ಜೋರಾಗಿ ಹೋಗಬಲ್ಲೆ, ನೀನೇ ಹೇಳು. ಮುಡಿದ ಮಲ್ಲಿಗೆ ಬಾಡುತ್ತದೆ ಅಂತ ನೀನು ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ನಿಮ್ಮ ಅಂಗಡಿಯ ಹತ್ತಿರ, ಮೂರು ದಾರಿ ಕೂಡುವಲ್ಲಿ ತಿರುಗಿದೆ. ಮುಂದಿನ ಚಕ್ರ ಮೆತ್ತನೆಯದೇನನ್ನೋ ಹತ್ತಿತು, ಅಷ್ಟೇ, ಜಾರಿತು. ನಿನ್ನ ತಲೆ ಚರಂಡಿಯ ಕಲ್ಲಿಗೆ ಬಡಿಯಿತು. ಗಾಡಿ ನನ್ನ ಕಾಲ ಮೇಲೆ. ಕೆನ್ನೆ ನೆಲಕ್ಕೊತ್ತಿ ಬಿದ್ದಿದ್ದ ನನ್ನ ಕಣ್ಣ ಮುಂದೆ ಬೂದುಗುಂಬಳದ ಒಂದು ಹೋಳಿತ್ತು. ಅದರ ಮೇಲೆ ವಿಭೂತಿಯ ಮೂರು ಗೆರೆ, ಮೂರನೆಯದು ಸೊಟ್ಟ. ಹಿಂದಿನ ಸಂಜೆ ನಿನ್ನ ತವರಿನ ಪಡಸಾಲೆಯಲ್ಲಿ ಕೂತು ಆ ಗೆರೆ ಎಳೆದವಳು ನೀನು, ಕುಂಬಳಕಾಯಿಯ ಹಣೆಬರಹವೂ ಸೊಟ್ಟಗಾಯಿತು ಅಂತ ರೇಗಿಸಿದವನು ನಾನು. ಬೀದಿಯಲ್ಲಿ ಇನ್ನೂ ಎಷ್ಟೋ ಕಾಯಿ ಒಡೆದಿದ್ದರು, ಎಲ್ಲಕ್ಕೂ ಬರೀ ಕುಂಕುಮ. ಇದೊಂದು ಮಾತ್ರ ಮಾವನ ಕೈಯಿಂದ ಒಡೆದದ್ದು. ದೃಷ್ಟಿ ತೆಗೆದ ಕಾಯಿಯನ್ನು ಒಡೆದ ಮೇಲೆ ತಿರುಗಿ ನೋಡಬಾರದು, ಹೋಳು ಮುಟ್ಟಬಾರದು ಅನ್ನುವುದು ನಿಮ್ಮ ಮನೆಯ ಕಟ್ಟಳೆ. ಅವರು ಒಡೆದು, ತಿರುಗಿ ನೋಡದೆ, ಅಂಗಡಿಗೆ ಹೋಗಿದ್ದರು.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಮುದುಕರಿಗೆ ಗೊತ್ತಿಲ್ಲ, ಗೊತ್ತಾದರೆ ಎದೆಯೊಡೆದು ಹೋಗುತ್ತಾರೆ ಅಂದುಕೊಂಡಿದ್ದೆ. ನಾನು ತಿನ್ನುವ ಬೈಗುಳವೆಲ್ಲ ಅವರಿಗೆ ಕೊಡುತ್ತಿರುವ ದಾನ ಅಂತ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಹೋದ ಭಾನುವಾರ ಬೆಳಿಗ್ಗೆ ಚೀಲಗಳಿಗೆ ಮರಳು ತುಂಬಿ, ಗಾಡಿ ಯಾವ ಕಡೆ ವಾಲುತ್ತದೆ ಅಂತ ನೋಡುತ್ತಿದ್ದೆ. ಗೇಟಿನ ಮುಂದೆ ಆಟೋ ನಿಂತಿತು, ಮಾವ ಇಳಿದರು. ಬಹಳ ಸೊರಗಿದ್ದಾರೆ ಕುಸುಮಾ, ಅಂಗಿಯೊಳಗೆ ಅವರು ಇದ್ದಾರೋ ಇಲ್ಲವೋ ಅನ್ನುವ ಹಾಗೆ. ಒಳಗೆ ಬನ್ನಿ ಅಂದರೆ ಬರಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, ಅಂಗಡಿಯಲ್ಲಿ ಬೆಲ್ಲದ ಮೂಟೆ ಎತ್ತಿ ನೋಡುತ್ತಿದ್ದರಲ್ಲ, ಹಾಗೆ ಹಿಂದಿನ ಕ್ಯಾರಿಯರ್ ಹಿಡಿದು ಎತ್ತಿ ನೋಡಿದರು. 'ಅಗುರ ಐತೆ' ಅಂದರು. ಆಮೇಲೆ, 'ಅಳಿಯಂದ್ರೇ, ನೀವು ಅಗುರದ ಗಾಡಿ ತಗೊಂಡ್ರಿ ಅನ್ನೋ ಸುದ್ದಿ ಕೇಳಿ ನಿಮ್ಮತ್ತೆ ನೆಂಟರ ಮುಂದೆಲ್ಲಾ ಹೇಳಿದ್ಲು, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ. ನಾನು ಅಲ್ಲೇ ಕೂತಿದ್ದೆ. ಅವತ್ತಿಂದ ನಂಗೆ ನಿದ್ದೆ ಇಲ್ಲ' ಅಂದರು. ಅವರು ಯಾಕೆ ಹಾಗೆ ಹೇಳುತ್ತಿದ್ದಾರೆಂದು ನನಗೆ ಆಗ ಹೊಳೆಯಲಿಲ್ಲ.

ಟ್ಯಾಂಕಿನ ಮೇಲೆ ಕೈಯಿಟ್ಟು, 'ಅವತ್ತು ಇದೇ ಗಾಡಿ ಇದ್ದಿದ್ರೆ...' ಅಂದರು. ಕಾಲಿನ ನೋವಿಗೋ ಏನೋ, ನನಗೆ ತಡೆಯಲಾರದ ಸಿಟ್ಟು ಬಂತು. 'ಇದೂ ಬೀಳ್ತಿತ್ತು ಮಾವ, ಸೈಕಲ್ ಆಗಿದ್ರೂ ಬೀಳ್ತಿತ್ತು' ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

'ಗೊತ್ತು' ಅಂದರು ಮಾವ.

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಸದ್ದು ಕೇಳಿ ಅಂಗಡಿಯಿಂದ ಮೊದಲು ಓಡಿಬಂದವರೇ ಅವರು. 'ಆ ಹೋಳು ಕಾಣ್ತು. ಕಾಲಲ್ಲಿ ಚರಂಡಿಗೆ ತಳ್ಬುಟ್ಟೆ. ಆಮೇಲೆ ಮಗಳ ಹತ್ರ ಹೋದೆ. ಮೊದಲು ಅದು, ಆಮೇಲೆ ಮಗಳು' ಅಂದರು, ಬೇರೆ ಯಾರದೋ ಸುದ್ದಿ ಹೇಳುವವರ ಹಾಗೆ.

ನನ್ನ ಮೈಯೆಲ್ಲ ಉರಿದುಹೋಯಿತು. ನಾನು ದಾನ ಅಂದುಕೊಂಡದ್ದನ್ನು ಅವರು ಗೊತ್ತಿದ್ದೂ ಗೊತ್ತಿದ್ದೂ ಜೇಬಿಗಿಳಿಸುತ್ತಿದ್ದರು. ಗೇಟಿನ ಹೊರಗೆ ನನ್ನನ್ನು ನಿಲ್ಲಿಸಿದಾಗ ಗೊತ್ತಿದ್ದೂ ಸುಮ್ಮನೆ ನಿಂತಿದ್ದರು. ಕೈಯಲ್ಲಿ ಪಾನಾ ಇತ್ತು. ಅದನ್ನು ನೆಲದ ಮೇಲಿಟ್ಟೆ, ಇಟ್ಟದ್ದೇ ಒಳ್ಳೆಯದಾಯಿತು. ಯಾಕೆ ಅಂತ ಕೇಳಿದೆ. 'ಅಂಗಡಿ ಬಾಗಿಲಲ್ಲೇ ಒಡೀತೀನಿ ಅಂದಿದ್ದೆ. ಬ್ಯಾಡ, ಮೂರು ದಾರಿ ಕೂಡೋ ಕಡೆ ಒಡೀರಿ, ಮಗಳು ಅಳಿಯ ಊರೂರು ಗಾಡಿ ಮೇಲೆ ತಿರುಗ್ತಾರೆ, ಅವರ ಮೇಲಿನ ದೃಷ್ಟಿಯೆಲ್ಲಾ ಹೋಗಲಿ ಅಂದವಳು ನಿಮ್ಮತ್ತೆ. ಅವಳೂ ನನ್ನ ಹಿಂದೇನೇ ಓಡಿಬರ್ತಿದ್ಲು. ಅವಳ ಕಣ್ಣಿಗೆ ಬೀಳಬಾರದು ಅಂತ...' ಅಂದರು.

ಆಮೇಲೆ ಮೂಗು ಒರೆಸಿಕೊಂಡು, 'ಸಾಕಾಗೈತೆ. ಇವತ್ತೇ ಅವಳಿಗೆ ಎಲ್ಲಾ ಹೇಳ್ಬುಡ್ತೀನಿ. ಈ ಸಲದ ಪುಣ್ಯಸ್ಮರಣೆಗೆ ನೀವು ತೋಟಕ್ಕೆ ಬನ್ನಿ. ಮೊದಲ ಹೂವು ನಿಮ್ಮದೇ' ಅಂದರು.

ನಾನು ಇಷ್ಟು ದಿನ ಹಂಬಲಿಸಿದ್ದು ಆ ಒಂದು ಮಾತಿಗೆ. ಗೇಟು ತೆಗೆದ ಹಾಗೆ, ನಿನ್ನ ಪಕ್ಕದ ಮಣ್ಣಿನಲ್ಲಿ ಪೂರಾ ಮಡಚದ ಕಾಲು ಚಾಚಿ ಕೂತ ಹಾಗೆ ಕಣ್ಣಿಗೆ ಕಟ್ಟಿತು. ಅದರ ಹಿಂದೆಯೇ ನಿಮ್ಮಮ್ಮನ ಮುಖವೂ ಕಂಡಿತು. ಮಾವ ಹೇಳಿ ಮುಗಿಸುವುದರೊಳಗೆ ಅವರಿಗೆ ತಾವಾಡಿದ ಮಾತು ನೆನಪಾಗುತ್ತದೆ. ಮೂರು ದಾರಿ ಕೂಡೋ ಕಡೆ. ಅದಾದ ಮೇಲೆ ಆ ಮನೆಯಲ್ಲಿ ಯಾರು ಯಾರಿಗೆ ಅನ್ನ ಬಡಿಸುತ್ತಾರೆ, ಹೇಳು. 'ಹೇಳಬೇಡಿ ಮಾವ' ಅಂದೆ. 'ಅತ್ತೆ ಕೈಲಿ ಬೈಸ್ಕೊಳ್ಳೋಕೆ ನಾನಿರ್ತೀನಿ. ಅವರ ಜೊತೇಲಿರೋಕೆ ನೀವಿರಿ.' ಅವರು ನನ್ನ ಕೈ ಹಿಡಿದುಕೊಳ್ಳಲು ಬಂದರು. ನಾನು ಹಿಂದಕ್ಕೆಳೆದುಕೊಂಡೆ. ಅಷ್ಟು ಮಾತ್ರ ನನ್ನಿಂದ ಆಗಲಿಲ್ಲ. ಬಂದ ಆಟೋದಲ್ಲೇ ವಾಪಸು ಹೋದರು.

ಇದನ್ನೊಂದು ದೊಡ್ಡಗುಣ ಅಂತ ತಿಳಿಯಬೇ‍ಡ. ನಿಮ್ಮಪ್ಪನನ್ನು ನಾನು ಕ್ಷಮಿಸಿಲ್ಲ, ಮುಂದೆ ಕ್ಷಮಿಸುತ್ತೇನೆ ಅನ್ನುವ ಭರವಸೆಯೂ ಇಲ್ಲ. ನಿನ್ನ ಕಡೆ ಬರುವ ಮುಂಚೆ ಆ ಹೋಳಿನ ಕಡೆ ಹೋದ ಕಾಲು ನನ್ನ ಕಣ್ಣಿಂದ ಹೋಗುವುದಿಲ್ಲ. ಆದರೆ ಅತ್ತೆಯ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಅವರು ಕೇಳಿದ್ದು ಏನನ್ನು, ನಾವಿಬ್ಬರು ಚೆನ್ನಾಗಿರಲಿ ಅಂತ ತಾನೆ.

ನಾಳೆ ಬೆಳಿಗ್ಗೆ ಹೊರಡುತ್ತೇನೆ. ನಂಜನಗೂಡು ರಸ್ತೆಯಲ್ಲೇ ಹೋಗಬೇಕು, ತೋಟದ ಗೇಟಿನ ಮುಂದೆ. ನಿಲ್ಲಿಸುವುದಿಲ್ಲ. ಈ ಹೊಸ ಎಂಜಿನ್ನಿನ ಸದ್ದು ನಿನಗೆ ಗುರುತು ಸಿಗುವುದೂ ಇಲ್ಲ, ಅದಕ್ಕೇ ಮುಂಚಿತವಾಗಿ ಬರೆಯುತ್ತಿದ್ದೇನೆ. ಅತ್ತೆ ಬದುಕಿರುವ ತನಕ ನಾನು ನಿನ್ನ ಹತ್ತಿರ ಬರುವ ಹಾಗಿಲ್ಲ. ಅವರು ನೂರು ಕಾಲ ಬಾಳಲಿ.

ಎಂದಿಗೂ ನಿನ್ನವನು,
ವಿಶ್ವನಾಥ