ಕಪ್ಪು ಒಂದು, ಬಿಳಿ ಐದು

ತಿಪಟೂರು
೧೨-೧೧-೨೦೨೪

ಅಣ್ಣನಿಗೆ,

ಕ್ಷೇಮ ಕೇಳುವ ಮನಸ್ಸಿಲ್ಲ. ಕೋಪ ಇಳಿದ ಮೇಲೆ ಬರೆಯೋಣ ಎಂದು ಕಾದೆ; ಇಳಿಯಲಿಲ್ಲ.

ಗಾನವಿ ಹಾಡುವುದನ್ನು ಬಿಟ್ಟಿದ್ದಾಳೆ. ಮುಂದಿನ ತಿಂಗಳು ಸಂಗೀತದ ಜೂನಿಯರ್ ಪರೀಕ್ಷೆ, ಪುಸ್ತಕ ಮುಟ್ಟುತ್ತಿಲ್ಲ. ಕೇಳಿದರೆ, "ನಂಗೆ ಕಂಠ ಇಲ್ವಂತಲ್ಲಮ್ಮ, ಮಾವನೇ ಅಂದ್ರು" ಎನ್ನುತ್ತಾಳೆ.

ಮೊನ್ನೆ ನಾವು ಬಂದಿದ್ದಾಗ ಬಿಳಿಗೆರೆಯ ನಮ್ಮ ತವರಿನ ಜಗಲಿಯಲ್ಲಿ, ಭಜನೆಯವರೆಲ್ಲರ ಎದುರಿಗೆ ನೀನು ಅವಳಿಗೆ ಅಂದದ್ದು: "ಬುಡವ್ವ, ಈ ಗಂಟ್ಲಿಗೆ ಸಂಗೀತ ಒಗ್ಗಕಿಲ್ಲ. ನಿಮ್ಮವ್ವಂದೂ ಹಿಂಗೇಯ." ತಬಲದ ಭೀಮರಾಜು, "ತೋಟದಾಗೆ ಮಂಗ ಓಡ್ಸಾಕೆ ಆಯ್ತದೆ ಬುಡಣ್ಣ" ಅಂದ. ನೀನು ನಕ್ಕೆ. ಮಗು ಕೂತೇ ಇತ್ತು.

ಅಪ್ಪ ಒಂದು ಆಯುಧಪೂಜೆಗೆ ಹಾರ್ಮೋನಿಯಂನ ಮೊದಲ ಕಪ್ಪು ಕೀಗೆ, ಕಪ್ಪು ಒಂದಕ್ಕೆ, ಕುಂಕುಮ ಇಟ್ಟರು. ಆ ಶ್ರುತಿ ಅವರ ಗಂಟಲಿಗೆ ಸರಿಯಿತ್ತು, ನಿನಗೂ ಸರಿ. ಅಂದಿನಿಂದ ನಮ್ಮ ಮನೆಯಲ್ಲಿ ಷಡ್ಜ ಅಲ್ಲಿಂದ ಕದಲಿಲ್ಲ, ದೇವರನ್ನು ಪ್ರತಿಷ್ಠೆ ಮಾಡಿದ ಹಾಗೆ. ಷಡ್ಜಕ್ಕೆ ಅಂಥ ಸ್ಥಿರವಾದ ಜಾಗವೇ ಇಲ್ಲ, ಅಣ್ಣ. ಹಾಡುವವರಿಗೆ ಎಲ್ಲಿ ಸಲೀಸೋ ಅಲ್ಲಿ 'ಸ' ಇಡುತ್ತಾರೆ. ಉಳಿದ ಸ್ವರಗಳು ಅದರ ಅಳತೆಗೆ ಕೂರುತ್ತವೆ. ಗಾನವಿ ಕಲಿತದ್ದು ಐದನೆಯ ಬಿಳಿ ಕೀಯ ಶ್ರುತಿಯಲ್ಲಿ, ಬಿಳಿ ಐದರಲ್ಲಿ. ನೀನು ಒಂದು ಮಾತೂ ಕೇಳದೆ ಕಪ್ಪು ಒಂದು ಒತ್ತಿದೆ. ನಿನ್ನ ಜೊತೆ ಕೆಳಗಿನ ಸ್ಥಾಯಿಯಲ್ಲಿ ಹಾಡಹೋದಾಗ ಅವಳ ದನಿ ಬರೀ ಉಸಿರಾಯಿತು. ಒಂದು ಸ್ಥಾಯಿ ಮೇಲಕ್ಕೆ ಎತ್ತಿಕೊಂಡಳು, ಚರಣದಲ್ಲಿ, ಸ್ವರದ ತಲೆಯ ಮೇಲೆ ಚುಕ್ಕೆ ಬರೆಯುತ್ತಾರಲ್ಲ, ಆ ತಾರಸ್ಥಾಯಿಯಲ್ಲಿ ಒಡೆಯಿತು. ಒಡೆಯದೆ ಏನಾದೀತು?

ಪಿಯುಸಿಯಲ್ಲಿ ನನ್ನದೂ ಹೀಗೇ ಒಡೆದಿತ್ತು. ನಿನ್ನ ಮಾತು ನಂಬಿ ಹಾಡು ಬಿಟ್ಟೆ, ಪದ್ಯ ಓದಿಕೊಂಡು ಸುಮ್ಮನಾದೆ. ತಪ್ಪು ನಿನ್ನ ಬೆರಳಿನಲ್ಲಿತ್ತು ಎಂದು ಗೊತ್ತಾದದ್ದು ಮಗಳ ಪಾಠ ಕೇಳಿದ ಮೇಲೆ. ನನ್ನದು ಹೋಗಲಿ. ಅವಳದನ್ನು ಬಿಟ್ಟುಕೊಡುವುದಿಲ್ಲ.

ಭಾನುವಾರ ಹಾರ್ಮೋನಿಯಂ ತೆಗೆದುಕೊಂಡು ಇಲ್ಲಿಗೆ ಬಾ. ಭೀಮರಾಜುವನ್ನೂ ಕರೆದುಕೊಂಡು ಬಾ, ಅವನು ನೋಡಲಿ. ಗಾನವಿಯ ಎದುರು ಕೂತು, ಶ್ರುತಿ ಎಲ್ಲಿಗೆ ಇಡಲಿ ಎಂದು ಅವಳನ್ನು ಕೇಳು. ಅಷ್ಟು ಕೇಳಲಾರೆಯಾದರೆ ಆ ಜಗಲಿಯನ್ನು ನಾವಿಬ್ಬರೂ ಇನ್ನು ಹತ್ತುವುದಿಲ್ಲ.

ನಿನ್ನ ತಂಗಿ,
ಗಂಗಲಕ್ಷ್ಮಿ

ತಾ.ಕ.: ಇದನ್ನು ಬರೆಯುವುದು ಬೇಡ ಎಂದಿದ್ದೆ. ಅತ್ತಿಗೆ ಫೋನ್ ಮಾಡಿ, "ಬರಿ ಕಣೇ, ಗೊತ್ತಾಗ್ಲಿ" ಅಂದರು. ಆ ಭಜನೆಯ ಮಾರನೆಯ ಬೆಳಿಗ್ಗೆ ನೀನು ಕೊಬ್ಬರಿ ಹರಾಜಿಗೆ ಹೊರಟ ಮೇಲೆ ಅವರು ಗಾನವಿಯನ್ನು ಹಾರ್ಮೋನಿಯಂ ಮುಂದೆ ಕೂರಿಸಿ ಬಿಳಿ ಐದು ಒತ್ತಿದರು. ಹುಡುಗಿ ಬಾಯಿ ತೆರೆಯಲಿಲ್ಲ. ಅತ್ತಿಗೆ ತಾವೇ ಹಾಡಿದರು, ನಿಮ್ಮ ಭಜನೆಯ ಅದೇ ಪದವನ್ನು, ಚರಣದ ತುದಿಯವರೆಗೆ, ಎಲ್ಲೂ ಒಡೆಯದೆ. ಮದುವೆಯಾಗಿ ಇಷ್ಟು ವರ್ಷವಾಯಿತು, ಆ ದನಿ ನೀನು ಕೇಳಿಲ್ಲ. ಪೆಟ್ಟಿಗೆ ತೆರೆದು ನೋಡು, ಬಿಳಿ ಐದಕ್ಕೂ ಈಗ ಕುಂಕುಮ ಇದೆ. ಇಟ್ಟವರು ಅವರೇ. ಒರೆಸಬೇಡ.