ಹಿತ್ತಾಳೆಯೋ ತಗಡೋ

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

‘ದನಿಯ ತಗ್ಗಿಸು, ದೀಪಕೂ ನಿದ್ದೆ ಬರುವ ಹೊತ್ತು.’ ಅಪ್ಪನ ಆ ಅಚ್ಚಾಗದ ಪದ್ಯದ ಸಾಲು ಹೀಗೇ ಇತ್ತಲ್ಲವೇನೇ? ‘ದೀಪಕೂ’ ಎಂದಿತ್ತೋ, ‘ಮಗುವಿಗೂ’ ಎಂದಿತ್ತೋ ಎಂದು ವಾರವೆಲ್ಲ ತಲೆ ಕೆರೆದುಕೊಂಡೆ. ಅದರ ಮುಂದಿನ ಸಾಲಂತೂ ಮರೆತೇ ಹೋಗಿತ್ತು. ಈಗ ಕಾಡುತ್ತಿರುವ ಪ್ರಶ್ನೆ ಬೇರೆ. ದನಿ ತಗ್ಗಿಸು ಎಂದು ಅಪ್ಪ ಹೇಳಿದ್ದು ಯಾರಿಗೆ? ನಾವು ಮೂವರು ಮಕ್ಕಳು ಅವನೆದುರು ಉಸಿರನ್ನೂ ಕೇಳಿ ಬಿಡುತ್ತಿದ್ದವರು. ಅಮ್ಮನಿಗೆ ದನಿಯೇ ಇರಲಿಲ್ಲ.

ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಕಾಗದ. ಅಪ್ಪ ಪಾಠ ಮಾಡಿದ ಕಾಲೇಜಿನಲ್ಲಿ ಓದುವ ಕೋಣೆಯೊಂದಕ್ಕೆ ಅವನ ಹೆಸರಿಡುತ್ತಿದ್ದಾರೆ. ಆ ದಿನ ಅಪ್ಪನ ದನಿಯನ್ನೇ ಎಲ್ಲರಿಗೂ ಕೇಳಿಸಬೇಕೆಂದು ಅಣ್ಣ ಹಟ ಹಿಡಿದಿದ್ದಾನೆ. ಆ ಹಳೆಯ ಫೋನೋಗ್ರಾಫು ನಿನಗೆ ನೆನಪಿರಬೇಕು, ಕೀಲಿ ಕೊಟ್ಟರೆ ಮೇಣದ ಉರುಳೆ ತಿರುಗುತ್ತಿತ್ತಲ್ಲ, ಅದು. ಅಪ್ಪ ಅದನ್ನು ಹರಾಜಿನಲ್ಲಿ ಕೊಂಡಾಗ ಜೊತೆಗೆ ಒಂದು ಪೆಟ್ಟಿಗೆ ಖಾಲಿ ಉರುಳೆಗಳೂ ಬಂದಿದ್ದವು. ಆಲಿಕೆಯಂಥ ಅದರ ಹಾರ್ನಿನೊಳಗೆ ಮುಖ ಇಟ್ಟು ಪದ್ಯ ಓದಿ ಅವುಗಳ ಮೇಲೆ ತನ್ನ ದನಿ ಮೂಡಿಸುತ್ತಿದ್ದ. ಎಲ್ಲವೂ ಒಡೆದು, ಬೂಸಲು ಹಿಡಿದು ಹೋಗಿ ಈಗ ಒಂದು ಉಳಿದಿದೆ. ಅದರ ಡಬ್ಬಿಯ ಮೇಲೆ ಅಪ್ಪನ ಅಕ್ಷರದಲ್ಲಿ ‘ಉತ್ತಮ’ ಎಂದಿದೆ.

ಇಲ್ಲದಿರುವುದು ಹಾರ್ನು. ಅಣ್ಣ ಹಾಸ್ಟೆಲಿನಲ್ಲಿದ್ದಾಗ, ನಾವಿಬ್ಬರೂ ಚಿಕ್ಕವರಿದ್ದಾಗ ಅದು ಕಾಣೆಯಾಯಿತು. ಬಣ್ಣ ಬಳಿಯಲು ಬಂದವರು ಹೊತ್ತುಕೊಂಡು ಹೋದರೆಂದು ಅಪ್ಪ ಸಾಯುವವರೆಗೂ ಬೈಯುತ್ತಿದ್ದ. ಹಾರ್ನಿಲ್ಲದ ಯಂತ್ರ ಸೊಳ್ಳೆಯಂತೆ ಗುಂಯ್ ಎನ್ನುತ್ತದೆ, ಅಷ್ಟೆ. ಹೊಸದನ್ನು ಆರಿಸುವ ಕೆಲಸ ನನ್ನ ತಲೆಗೆ ಬಂತು. ‘ಎಂ.ಎ. ಮಾಡಿದೋಳು ನೀನು, ಪದ್ಯ ಓದೋಳು ನೀನು, ನಿಂಗಲ್ದೆ ಇನ್ಯಾರಿಗೆ ಗೊತ್ತಾಗುತ್ತೆ?’ ಎಂದ ಅಣ್ಣ. ಅವನು ಹೊಗಳಿದಾಗಲೇ ನಾನು ಹುಷಾರಾಗಬೇಕಿತ್ತು.

ಹಳೆಯ ಸಾಮಾನಿನ ಅಂಗಡಿಗೆ ಹೋದೆ. ಒಳಗೆ ಕಾಲಿಟ್ಟರೆ ಇಲಿಯ ವಾಸನೆ, ಅದರ ಮೇಲೆ ಆ್ಯಸಿಡ್ಡಿನ ವಾಸನೆ. ಹಿಂದಿನ ಕೋಣೆಯಲ್ಲಿ ನಿನ್ನೆ ಮೊನ್ನೆ ಬಡಿದು ಮಾಡಿದ ಹಿತ್ತಾಳೆಯ ಹಾರ್ನುಗಳನ್ನು ಆ್ಯಸಿಡ್ಡಿನ ತೊಟ್ಟಿಗೆ ಅದ್ದಿ ಮುದಿತನ ಬರಿಸುತ್ತಿದ್ದರು. ಬಾಯಿ ಅಗಲಿಸಿಕೊಂಡ ಒಂದರೊಳಗೆ ಕೈಯಾಡಿಸಿದೆ. ಹಸಿರು ಲೋಳೆ ಬೆರಳಿಗೆ ಅಂಟಿತು. ಮನೆಗೆ ಬಂದು ಸೋಪು ಹಾಕಿ ಉಜ್ಜಿದರೂ ಊಟದ ಹೊತ್ತಿಗೆ ಅದೇ ನಾತ. ಅಂಗಡಿಯವನಿಗೆ ನನ್ನ ಮುಖ ನೋಡಿಯೇ ತಮಾಷೆ. ‘ಅಕ್ಕಾ, ಲೋಳೆ ಅಂತೀರಲ್ಲ, ಅದೇ ನೂರು ವರ್ಷದ ಗುರುತು. ಇದನ್ನ ಹಾಲ್‌ನಲ್ಲಿಟ್ರೆ ರಾಜನ ಥರ ಕೂತಿರುತ್ತೆ. ಸದ್ದು ಯಾರು ಕೇಳ್ತಾರೆ? ಜನ ಪಕ್ಕ ನಿಂತ್ಕೊಂಡು ಫೋಟೋ ತೆಗಿಸ್ಕೊಳ್ತಾರೆ,’ ಎಂದ. ಮೂಲೆಯಲ್ಲಿ ಬಿದ್ದಿದ್ದ ತಗಡಿನ ಹಾರ್ನು ತೋರಿಸಿದೆ. ನೇರ, ಕಿರಿದು, ಅಲ್ಲಲ್ಲಿ ನೆಗ್ಗಿದ್ದು. ಅಪ್ಪನದೂ ಹಾಗೇ ಇತ್ತಲ್ಲ. ‘ಅದಾ? ಎಣ್ಣೆ ಸುರಿಯೋಕೆ ಬೇಕಾದ್ರೆ ತಗೊಳ್ಳಿ,’ ಎಂದು ನಕ್ಕ. ಎರಡನ್ನೂ ಪರೀಕ್ಷೆಗೆಂದು ತಂದೆ.

ಅಣ್ಣ ಬಂದಾಗ ಮೊದಲು ಹಿತ್ತಾಳೆಯದನ್ನು ಸಿಕ್ಕಿಸಿದೆವು. ಒಂದು ಮಾತು ನಿನಗೆ ಗೊತ್ತಿರಲಿ: ಸೂಜಿ ಹಾದಾಗಲೆಲ್ಲ ಮೇಣ ಸವೆಯುತ್ತದೆ. ಈ ಉರುಳೆಗೆ ಇನ್ನು ಹೆಚ್ಚು ಆಯಸ್ಸಿಲ್ಲ. ಅಪ್ಪನ ದನಿ ಹೊರಟಿತು, ದಪ್ಪಗೆ, ಗುಡಿಯೊಳಗಿಂದ ಬಂದಂತೆ. ನಡುವೆ ಏನೋ ಗೊರಗೊರ ಎಂದಿತು, ಆಮೇಲಿನ ಸಾಲೂ ಅದರಲ್ಲೇ ಕಲಸಿಹೋಯಿತು. ‘ಮೇಣ ಹಳೇದು, ಬಿಡು,’ ಎಂದ ಅಣ್ಣ. ಕಣ್ಣು ಮುಚ್ಚಿ ಕೂತಿದ್ದ, ಕೆನ್ನೆ ಒದ್ದೆಯಾಗಿತ್ತು. ‘ಇದೇ ಇರ್ಲಿ ಕಣೇ. ಅಪ್ಪ ಎದುರಿಗೇ ನಿಂತ ಹಾಗಿದೆ. ಹಿಂದಿನ ಸಾಲಿನೋರಿಗೂ ಹಾರ್ನು ಕಾಣುತ್ತೆ.’ ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ.

ಅವನು ಹೋದ ಮೇಲೆ ತಗಡಿನದನ್ನು ಸಿಕ್ಕಿಸಿದೆ. ಮರೆತ ಸಾಲು ಆ ಗೊರಗೊರದ ಆಚೆ ಸಿಗಬಹುದೆಂಬ ಆಸೆ, ಬೇರೇನಿಲ್ಲ. ಅಗಲ ಬಾಯಿಯ ಹಿತ್ತಾಳೆ ದಪ್ಪ ದನಿಯನ್ನು ಉಬ್ಬಿಸಿ ಸಣ್ಣ ಸದ್ದನ್ನೆಲ್ಲ ನುಂಗುತ್ತದೆ. ತಗಡು ಸಣ್ಣದನ್ನೇ ಹೆಕ್ಕಿ ಕೊಡುತ್ತದೆ. ಅಪ್ಪ ಓದುತ್ತಾನೆ: ದನಿಯ ತಗ್ಗಿಸು, ದೀಪಕೂ ನಿದ್ದೆ ಬರುವ ಹೊತ್ತು. ಹೌದು, ದೀಪಕೂ. ಬಾಗಿಲು ಕಿರ್ರೆನ್ನುತ್ತದೆ. ಲೋಟವೊಂದು ತಟ್ಟೆಗೆ ತಾಗುತ್ತದೆ. ಆಮೇಲೆ ಅಪ್ಪ, ಮುಖ ಅತ್ತ ತಿರುಗಿಸಿ, ಹಲ್ಲು ಕಚ್ಚಿ, ‘ದನದ ಹಾಗೆ ನುಗ್ಗಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ? ನಿನ್ನ ಮುಖ ಕಂಡ್ರೆ ಬಂದ ಸಾಲೂ ಓಡಿಹೋಗುತ್ತೆ. ತೊಲಗು,’ ಎನ್ನುತ್ತಾನೆ. ದನಿ ತಗ್ಗಿಸಿಯೇ ಹೇಳುತ್ತಾನೆ, ಗುಬ್ಬಿ. ಅಮ್ಮ ‘ತಪ್ಪಾಯ್ತು ರೀ’ ಎನ್ನುತ್ತಾಳೆ. ಬಾಗಿಲು ಮತ್ತೆ ಕಿರ್ರೆನ್ನುತ್ತದೆ. ಒಂದು ಉಸಿರು. ಆಮೇಲೆ ಅದೇ ಜೇನುದನಿಯಲ್ಲಿ ನಾನು ಮರೆತಿದ್ದ ಸಾಲು: ‘ನೊಂದ ಜೀವದ ಬಳಿಗೆ ಬರಿಗಾಲಲ್ಲಿ ಬಾ.’

ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಬೈದದ್ದಕ್ಕಲ್ಲ. ಹೆಂಡತಿಯನ್ನು ಬೈಯುವ ಗಂಡಸರನ್ನು ನಾನೇನು ಕಂಡಿಲ್ಲವೇ? ಬೈದು ಮುಗಿಸಿ ಆ ಸಾಲಿಗೆ ಅಷ್ಟು ಸಲೀಸಾಗಿ ಕಾಲಿಟ್ಟನಲ್ಲ, ಅದಕ್ಕೆ. ಅದನ್ನು ಕೇಳಿಯೂ ಡಬ್ಬಿಯ ಮೇಲೆ ‘ಉತ್ತಮ’ ಎಂದು ಬರೆದನಲ್ಲ, ಅದಕ್ಕೆ. ಅವನ ಕಿವಿಗೆ ಅಮ್ಮ ಒಂದು ಸದ್ದೂ ಆಗಿರಲಿಲ್ಲ. ಈಗ ಕಪಾಟಿನಲ್ಲಿರುವ ಕವಿತೆಯ ಪುಸ್ತಕಗಳ ಬೆನ್ನು ಕಂಡರೂ ನನಗೆ ಆ ಹಸಿರು ಲೋಳೆಯೇ ನೆನಪಾಗುತ್ತದೆ.

ಹಿತ್ತಾಳೆಯದನ್ನು ಅಂಗಡಿಗೆ ವಾಪಸು ಕೊಟ್ಟು ಬಂದೆ. ತಗಡಿನದರಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತದೆ ಎಂದಷ್ಟೇ ಅಣ್ಣನಿಗೆ ಹೇಳಿದ್ದೇನೆ. ಸುಳ್ಳಲ್ಲ. ನೋಡಲು ಚೆನ್ನಾಗಿಲ್ಲ ಎಂದು ಗೊಣಗಿ ಒಪ್ಪಿಕೊಂಡ. ಬೀದಿಯವರಿಗೆಲ್ಲ ಕರೆಯೋಲೆ ಹಂಚಿಯಾಗಿದೆ. ಪ್ರಾಂಶುಪಾಲರು, ಅಪ್ಪನ ಶಿಷ್ಯರು, ಶಾಲು ಹೊದ್ದು ಬರುವವರು ಎಲ್ಲರೂ ಕೇಳಲಿ. ಅಮ್ಮ ಹೋಗಿ ಇಷ್ಟು ವರ್ಷದ ಮೇಲೆ ಅವಳ ದನಿ ಒಮ್ಮೆಯಾದರೂ ಜನರ ಕಿವಿಗೆ ಬೀಳಲಿ. ಅಪ್ಪನ ಯಾವ ಸಭೆಗೂ ನೀನು ಯಾಕೆ ಬರುತ್ತಿರಲಿಲ್ಲ ಎಂದು ನಾನು ಕೇಳುವುದಿಲ್ಲ. ಇದಕ್ಕೆ ಮಾತ್ರ ಬಾ. ಮುಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲಿ ಕೂರು.

ಇಂತು, ಇನ್ನೂ ಕೈ ತೊಳೆಯುತ್ತಲೇ ಇರುವ
ನಿನ್ನ ಅಕ್ಕ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಹೊಲಿಗೆ ದೊಡ್ಡಮ್ಮ. ಕಂಕುಳಲ್ಲಿ ಬಟ್ಟೆಚೂರು ತುರುಕಿದ ತಗಡಿನ ಹಾರ್ನು, ಅಂದು ಕಾಣೆಯಾದ ನಮ್ಮದೇ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಏನು ಮಾಡಲಿ ಎಂದು ನೀನೇ ಹೇಳು.

‘ಗೋಡೆಯಾಚೆ ಎಲ್ಲಾ ಕೇಳಿಸ್ತು ಕಣೇ. ಆವಾಗ್ಲೂ ಕೇಳಿಸ್ತಿತ್ತು. ನಿಮ್ಮನ್ನೆಲ್ಲ ಹಿತ್ತಲಿಗೆ ಅಟ್ಟಿ, ಮನೆಗೆ ಬಂದೋರಿಗೆಲ್ಲ ನಿಮ್ಮಪ್ಪ ಆ ಉರುಳೇನೇ ಹಾಕೋರು, ಕಾಫಿ ತಗೊಂಡು ಬರೋಳು ನಿಮ್ಮಮ್ಮ. ಬಣ್ಣದೋರು ಪಾಪ ಏನೂ ಕದೀಲಿಲ್ಲ. ಇದನ್ನ ಕಿತ್ತು ತಂದು ನನ್ನ ಕೈಗೆ ಕೊಟ್ಟೋಳು ಅವಳೇ. “ನಾನು ತಪ್ಪಾಯ್ತು ಅನ್ನೋದನ್ನ ಇನ್ನು ಯಾರೂ ಕೇಳೋದು ಬೇಡ ಅಕ್ಕಾ” ಅಂದ್ಲು. ನೀನೀಗ ಕುರ್ಚಿ ಹಾಕ್ಸಿ ಕೇಳಿಸ್ತೀಯಂತಲ್ಲ?’