ತಿಪ್ಪೆಯೊಳಗಿನ ಮೂರನೇ ಮಡಕೆ

ಮಿಲ್ ಕ್ರೀಕ್, ಅಮೆರಿಕ,
೨೮ ಡಿಸೆಂಬರ್ ೨೦೨೪

ಪ್ರೀತಿಯ ದ್ವಾರಕಾನಾಥ,

ನಾನೂ ವಸಂತಲಕ್ಷ್ಮಿಯೂ ಮಗಳ ಮನೆಯಲ್ಲಿ ಸುಖವಾಗಿದ್ದೇವೆ. ನನ್ನ ಮಂಡಿ ಮಾತ್ರ ಈ ಚಳಿಗೆ ದಿನಕ್ಕೆರಡು ಸಲ ಮುಷ್ಕರ ಹೂಡುತ್ತದೆ. ನಿನ್ನ ಕಿವಿ ಹೇಗಿದೆ? ಹೊಸ ಮೆಷೀನು ಹಾಕಿಕೊಳ್ಳುತ್ತಿದ್ದೀಯೋ, ಇಲ್ಲಾ ಡಬ್ಬಿಯಲ್ಲೇ ಇಟ್ಟು ಮನೆಯವರನ್ನೆಲ್ಲ ಕಿರುಚಾಡಿಸುತ್ತಿದ್ದೀಯೋ? ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಿದರೆ ಇಡೀ ಬೀದಿಗೆ ಕೇಳಿಸುತ್ತದೆ, ನಿನಗೊಬ್ಬನಿಗೆ ಬಿಟ್ಟು. ಅದಕ್ಕೇ ಕಾಗದ.

ಉತ್ತರ ಎರಡು ತಿಂಗಳು ತಡವಾಯಿತು, ಬೈದುಕೋಬೇಡ. ಬರುವ ಫೆಬ್ರವರಿಯಲ್ಲಿ ತನ್ನ ಮಗಳ ಮದುವೆ ಎಂದು ವಿಜಯಕುಮಾರ ಮನೆಗೇ ಬಂದು ಕರೆದರೂ ನೀನು ಒಳಗಿನಿಂದ ಎದ್ದು ಬರಲಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ನನಗೆ ಪೆನ್ನು ಹಿಡಿಯಲು ಆಗಲಿಲ್ಲ. ಅಷ್ಟು ವರ್ಷ ನಮ್ಮ ಜೀಪು ಓಡಿಸಿದವನು ಅವನು. ನಿನ್ನ ಮೇಲೆ ಚಾಡಿ ಹೇಳಿ ಸಸ್ಪೆಂಡ್ ಮಾಡಿಸಿದವನು ಅವನೇ ಎಂಬ ಸಿಟ್ಟು ಇಪ್ಪತ್ತೊಂಬತ್ತು ವರ್ಷವಾದರೂ ನಿನಗೆ ಆರಿಲ್ಲ. ಆ ವಿಚಾರ ಈ ಕಾಗದದಲ್ಲೇ ಬರುತ್ತದೆ. ಮೊದಲು ನಗುವ ಸುದ್ದಿ ಹೇಳಿಬಿಡುತ್ತೇನೆ.

ನಮ್ಮ ಶಾಲಿನಿ ಬಿಯರ್ ಮಾಡುತ್ತಾಳೆ!

ಹೌದು ಕಣಯ್ಯಾ. ಅಬಕಾರಿ ಇನ್ಸ್‌ಪೆಕ್ಟರ್ ಸುಬ್ಬಣ್ಣನ ಮಗಳು! ಮನೆಮಟ್ಟಿಗೆ ಮಾಡಿಕೊಂಡರೆ ಇಲ್ಲಿ ಕಾನೂನಿನ ಅಡ್ಡಿಯಿಲ್ಲವಂತೆ. ಆದರೂ ನನಗೆ ಹೆದರಿಕೊಂಡು ಗ್ಯಾರೇಜಿನ ಮೂಲೆಯಲ್ಲಿ ಬೆಡ್‌ಶೀಟ್ ಹೊದಿಸಿ ಇಟ್ಟಿದ್ದಳು. ಅದೇನಮ್ಮ ಅಂದರೆ, "ವಿನೆಗರ್ ಅಪ್ಪ, ಸಲಾಡ್‌ಗೆ" ಎಂದಳು. ಮೂವತ್ತನಾಲ್ಕು ವರ್ಷ ಸರ್ಕಾರಕ್ಕೆ ಮೂಗು ದುಡಿಸಿದವನಿಗೆ ವಿನೆಗರ್ ಅಂತೆ! ಬೆಡ್‌ಶೀಟ್ ಎತ್ತಿದೆ. ಬಿಳಿ ಪ್ಲಾಸ್ಟಿಕ್ಕಿನ ದೊಡ್ಡ ಬಕೆಟ್ಟು, ಮುಚ್ಚಳದ ಮೇಲೆ ನೀರು ತುಂಬಿದ ಪುಟ್ಟ ಕೊಳವೆ. ಒಳಗಿನ ಗಾಳಿ ಅದರ ಮೂಲಕ ಗುಳುಕ್ ಗುಳುಕ್ ಎಂದು ಹೊರಬರುತ್ತಿತ್ತು. "ಅಪ್ಪಾ, ಒದ್ದುಬಿಡ್ಬೇಡಿ ಪ್ಲೀಸ್" ಎಂದು ನಲವತ್ತರ ಹೆಂಗಸು ಬಕೆಟ್ಟಿಗೆ ಅಡ್ಡ ನಿಂತುಬಿಟ್ಟಳು. ನಾನು ಒದೆಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಅದು ಹೇಗೆ, ಇದು ಯಾಕೆ ಎಂದು ಒಂದು ಗಂಟೆ ಕೇಳಿದೆ. ಅವಳು ಚಿಕ್ಕಂದಿನಲ್ಲಿ ಮಾರ್ಕ್ಸ್ ಕಾರ್ಡ್ ತೋರಿಸುತ್ತಿದ್ದಷ್ಟು ಖುಷಿಯಿಂದ ಹೇಳಿದಳು. ಅವಳ ಅಮ್ಮ ಬಾಗಿಲಲ್ಲಿ ನಿಂತು, "ಊರೋರ್ದೆಲ್ಲ ಮಡಕೆ ಒಡೆದೋರು ಈಗ ಮಗಳ ಬಕೆಟ್ ಕಾಯ್ತಾ ಕೂತಿದಾರೆ, ನೋಡ್ರಪ್ಪಾ" ಎಂದು ಹಂಗಿಸಿದಳು.

ಕಾಯುವ ಕೆಲಸವೇ ಕಣೋ ಅದು. ಬಾರ್ಲಿಯ ಕಷಾಯಕ್ಕೆ ಯೀಸ್ಟ್ ಹಾಕಿದ ಮೇಲೆ ಅದು ಎರಡು ವಾರ ಬೆಚ್ಚಗಿರಬೇಕು. ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅರವತ್ತೈದು ಡಿಗ್ರಿಯ ಆಸುಪಾಸು, ನಮ್ಮ ಲೆಕ್ಕದಲ್ಲಿ ಹದಿನೆಂಟು. ಅದಕ್ಕಿಂತ ತಣ್ಣಗಾದರೆ ಯೀಸ್ಟ್ ಮಲಗಿಬಿಡುತ್ತದೆ, ಕಷಾಯ ಸಿಹಿಯಾಗಿಯೇ ಉಳಿದು ಕೆಡುತ್ತದೆ. ಗ್ಯಾರೇಜಿನಲ್ಲಿ ನಲವತ್ತೈದು ದಾಟುವುದಿಲ್ಲ, ಅಡುಗೆಮನೆಯ ಹತ್ತಿರಕ್ಕೆ ತರಲು ವಸಂತ ಬಿಡುವುದಿಲ್ಲ. ಅದಕ್ಕೆ ಶಾಲಿನಿ ಬಕೆಟ್ಟಿಗೆ ಕರೆಂಟಿನ ಬೆಲ್ಟು ಸುತ್ತಿದ್ದಾಳೆ. ನಮ್ಮ ಕಡೆ ಸೊಂಟ ನೋವಿಗೆ ಕಟ್ಟುತ್ತೇವಲ್ಲ, ಹಾಗೆ. ಕಳೆದ ಎರಡು ಚಳಿಗಾಲವೂ ಅವಳ ಬಿಯರ್ ಕೆಟ್ಟುಹೋಗಿತ್ತಂತೆ. ಜನವರಿ ಕೊನೆಗೆ ಅವಳ ಕ್ಲಬ್ಬಿನ ಸ್ಪರ್ಧೆ. "ಇದೂ ಹೋದ್ರೆ ಸಾಮಾನೆಲ್ಲ ಯಾರಿಗಾದ್ರೂ ಕೊಟ್‌ಬಿಡ್ತೀನಿ ಅಪ್ಪ, ಸಾಕಾಯ್ತು" ಎಂದಿದ್ದಳು.

ಯೀಸ್ಟ್ ಹಾಕಿದ ಮೂರನೇ ದಿನ ಬಿರುಗಾಳಿ ಬಂತು. ಮರಗಳು ತಂತಿಯ ಮೇಲೆ ಬಿದ್ದು ಇಡೀ ಬಡಾವಣೆಗೆ ಕರೆಂಟ್ ಹೋಯಿತು. ಈ ಮನೆಯಲ್ಲಿ ಹೀಟರೂ ಕರೆಂಟಿನದೇ, ಒಲೆಯೂ ಕರೆಂಟಿನದೇ. ಬಿಸಿನೀರಿನ ಬಾಟಲಿ ಇಡೋಣವೆಂದರೆ ಬಿಸಿನೀರಿಲ್ಲ. ನಾವು ನಾಲ್ವರೂ ಇದ್ದಬದ್ದ ಸ್ವೆಟರೆಲ್ಲ ಹಾಕಿಕೊಂಡು ಹಾಲಿನಲ್ಲಿ ಕೂತೆವು. ಮಾರನೇ ಬೆಳಿಗ್ಗೆ ಬಕೆಟ್ಟಿಗೆ ಅಂಟಿಸಿದ್ದ ಥರ್ಮಾಮೀಟರ್ ಪಟ್ಟಿ ಐವತ್ತೆರಡು ತೋರಿಸುತ್ತಿತ್ತು. ಗುಳುಕ್ ಸದ್ದು ನಿಂತಿತ್ತು. ಅಳಿಯ ಸುಮುಖ್ ಎರಡು ರಜಾಯಿ ತಂದು ಹೊದಿಸಿದ. ತಣ್ಣಗಾದದ್ದಕ್ಕೆ ರಜಾಯಿ ಹೊದಿಸಿದರೆ ತಣ್ಣಗೇ ಇರುತ್ತದೆ ಅಷ್ಟೆ. "ಹೋಯ್ತು ಬಿಡಿ" ಎಂದು ಶಾಲಿನಿ ಒಳಗೆ ಹೋದಳು. ಅವಳ ಮುಖ ನೋಡಲಾಗಲಿಲ್ಲ ನನಗೆ.

ಸುಮ್ಮನೆ ರಸ್ತೆಗೆ ಬಂದು ನಿಂತೆ. ಎದುರುಮನೆ ಎಜಾಜ್ ಬೆಂಗಳೂರಿನ ಹುಡುಗ, ನನ್ನನ್ನು ಕಂಡರೆ ಬಹಳ ವಿಶ್ವಾಸ. ತಿಂಗಳ ಮೊದಲಲ್ಲಿ ಹಿತ್ತಲಿನ ದೊಡ್ಡ ಮರ ಕಡಿಸಿ, ಅದರ ಹಸಿ ಚಕ್ಕೆಪುಡಿಯನ್ನು ಎಲೆಸಮೇತ ಗಿಡಗಳಿಗೆಂದು ಅಂಗಳದಲ್ಲಿ ಎದೆಮಟ್ಟ ರಾಶಿ ಹಾಕಿಸಿದ್ದ. ಆ ರಾಶಿಯ ನೆತ್ತಿಯಿಂದ ಹಬೆ ಏಳುತ್ತಿತ್ತು, ದ್ವಾರಕಿ!

ಚಳಿಯ ಬೆಳಿಗ್ಗೆ ಹಬೆಯಾಡುವ ತಿಪ್ಪೆ ಕಂಡರೆ ನಾವಿಬ್ಬರೂ ಜೀಪಿನಿಂದ ಹೇಗೆ ಇಳಿಯುತ್ತಿದ್ದೆವು, ನೆನಪಿದೆಯೇ? ಕಳ್ಳಭಟ್ಟಿಗೆಂದು ಹುಳಿಯಲು ಇಟ್ಟ ಬೆಲ್ಲದ ಕೊಳೆಯ ಮಡಕೆ ಹೂಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಣ್ಣಿಗೂ ಬೀಳದು, ಬೆಚ್ಚಗೂ ಇರುತ್ತದೆ. ನನಗೆ ಆಗ ಕೆಂಚಮ್ಮ ಕಣ್ಮುಂದೆ ಬಂದಳು. ಅದೇ, ಪಿರಿಯಾಪಟ್ಟಣದ ಕಡೆಯ ಮುದುಕಿ, ಯಾರ ಮನೆಯ ಮೇಲಿನ ದಾಳಿಯಿಂದ ನಿನ್ನ ಸಸ್ಪೆನ್ಶನ್ ಆಯಿತೋ ಅವಳು. ನಾವು ಮಡಕೆ ಒಡೆಯಲು ಬಂದರೆ ಅಳುವ ಬದಲು ನಮಗೇ ಪಾಠ ಹೇಳಿದ್ದಳು. "ಮಧ್ಯಕ್ ಮಡುಗಿದ್ರೆ ಬೆಂದೋಯ್ತದೆ ಬುದ್ಧೀ, ಪಕ್ಕೆಗ್ ಮಡುಗ್ಬೇಕು. ತೋಳ್ ಹಾಕ್ ನೋಡಿ, ಹಸೀನ ಮೈ ಅಂಗೆ ಅನ್ನುಸ್ಬೇಕು."

ಅಂಗಿ ತೋಳು ಮಡಿಸಿ ರಾಶಿಯೊಳಗೆ ಕೈ ತೂರಿಸಿದೆ. ನಡುವೆ ಕೈ ಸುಡುವಷ್ಟು ಕಾವು. ಅಂಚಿನಲ್ಲಿ, ಒಂದು ಮೊಳ ಒಳಗೆ, ಹಸುವಿನ ಮೈ.

ಎಜಾಜ್ ಬಾಗಿಲು ತೆರೆದು ನೋಡುತ್ತಿದ್ದ. ನನ್ನನ್ನು ಹುಚ್ಚ ಎಂದುಕೊಂಡಿರಬೇಕು. ಇಲ್ಲೊಂದು ಬಕೆಟ್ಟು ಹೂಳಬಹುದಾ ಅಪ್ಪಾ ಎಂದೆ. ಅವನ ಮನೆಯಲ್ಲಿ ಇದನ್ನೆಲ್ಲ ಮುಟ್ಟುವುದಿಲ್ಲ, ಅವನಿಗೆ ಸಂಕೋಚವಾಗಬಾರದು ಎಂದು ಒಳಗಿರುವುದು ಏನು ಎಂದು ಹೇಳಲು ಹೊರಟೆ. ಅವನು ಕೈ ಅಡ್ಡ ಹಿಡಿದ. "ಅಂಕಲ್, ಬಕೆಟ್‌ನಲ್ಲಿ ಏನಿದೆ ಅಂತ ನೀವು ಹೇಳ್ಬೇಡಿ, ನಾನು ಕೇಳಲ್ಲ. ನಾನು ನೋಡ್ಲೂ ಇಲ್ಲ. ಮರದ ಚಿಪ್ಸ್ ರಸ್ತೆಗೆ ಚೆಲ್ದೆ ಇದ್ರೆ ಸಾಕು" ಎಂದು ನಗುತ್ತಾ ಒಳಗೆ ಹೋದ. ಎರಡು ನಿಮಿಷ ಬಿಟ್ಟು ತಾನೇ ಸಲಿಕೆ ತಂದು ಕೊಟ್ಟ.

ಸುಮುಖನೂ ನಾನೂ ತಳ್ಳುಗಾಡಿಯಲ್ಲಿ ಬಕೆಟ್ಟು ಸಾಗಿಸಿ, ಕುತ್ತಿಗೆಯವರೆಗೆ ಹೂತು, ಕೊಳವೆ ಮಾತ್ರ ಹೊರಗೆ ಬಿಟ್ಟೆವು. ಯಾರೂ ಕೇಳದಿದ್ದರೂ ವಸಂತ ತನ್ನ ಶಾಲು ತಂದು ಮುಚ್ಚಳಕ್ಕೆ ಹೊದಿಸಿದಳು. ಮಾರನೇ ಬೆಳಿಗ್ಗೆ ಹೋಗಿ ನೋಡಿದರೆ ಅರವತ್ತಾರು! ಕಿವಿಗೊಟ್ಟೆ. ಗುಳುಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಶಾಲಿನಿ ರಸ್ತೆಯಲ್ಲೇ ನನ್ನನ್ನು ತಬ್ಬಿಕೊಂಡು ಕುಣಿದಳು. ನನ್ನ ಮಂಡಿ ಅಂದು ನೋಯಲೇ ಇಲ್ಲ. ಕರೆಂಟ್ ಬಂದದ್ದು ಮೂರು ದಿನ ಬಿಟ್ಟು, ಅಷ್ಟರಲ್ಲಿ ಅದರ ಹಂಗೇ ಬೇಕಿರಲಿಲ್ಲ.

ನಿನ್ನೆ ಬಾಟಲಿಗೆ ತುಂಬಿದೆವು, ನಲವತ್ತೆಂಟು ಬಾಟಲಿ. ನಾನು ಜನ್ಮದಲ್ಲಿ ಮೊದಲ ಸಲ ಒಂದು ಚಮಚ ನಾಲಿಗೆಗೆ ಹಾಕಿಕೊಂಡೆ. ಕಹಿ, ಆದರೆ ಹಿಂದೆಯೇ ಹುರಿದ ಧಾನ್ಯದ ಘಮ. ಹೆಸರೇನಿಡೋಣ ಎಂದು ಶಾಲಿನಿ ಕೇಳಿದಳು. ಕೆಂಚಮ್ಮ ಎಂದೆ. "ಯಾರಪ್ಪ ಅದು?" ಎಂದಾಗ ಆ ದಾಳಿಯ ಕಥೆ ಹೇಳುತ್ತಾ ಹೋದೆ. ತಿಪ್ಪೆಯಲ್ಲಿ ಮೂರು ಮಡಕೆ ಇದ್ದವು, ಎರಡನ್ನು ಒಡೆದೆವು ಎಂದುಬಿಟ್ಟೆ. ಅವಳು ಬಾಟಲಿಗೆ ಲೇಬಲ್ ಅಂಟಿಸುತ್ತಲೇ, "ಮತ್ತೆ ಮೂರನೇದು ಏನಾಯ್ತು?" ಎಂದಳು. ಮರೆತುಹೋಗಿದೆ ಎಂದು ಎದ್ದುಹೋದೆ.

ಮನೆಯವರಿಗೆಲ್ಲ ನನ್ನ ಆಶೀರ್ವಾದ ಹೇಳು. ಸಂಕ್ರಾಂತಿಗೆ ಎಳ್ಳು ಬೀರುವಾಗ ವಸಂತಳ ಪಾಲು ಎತ್ತಿಡಬೇಕಂತೆ, ಏಪ್ರಿಲ್‌ನಲ್ಲಿ ಬಂದು ಈಸಿಕೊಳ್ಳುತ್ತಾಳಂತೆ. ದೇವರು ನಿನ್ನನ್ನು ನೂರು ವರ್ಷ ಚೆನ್ನಾಗಿಟ್ಟಿರಲಿ.

ನಿನ್ನ,
ಸುಬ್ಬಣ್ಣ

ತಾ.ಕ.: ಮೇಲೆ ಮೂರು ಮಡಕೆ ಎಂದು ಓದಿದಾಗ ನೀನು ಅಲ್ಲೇ ತಡೆದಿರುತ್ತೀಯ. ಮೂರನೆಯದರ ಮೇಲೆ ಬೂಟುಕಾಲಲ್ಲಿ ಗೊಬ್ಬರ ಎಳೆದು "ಎರಡೇ ಸಾರ್" ಎಂದವನು ನೀನು. ನಾನು ಮುದುಕಿಯ ಹತ್ತಿರ ಮಾತಾಡುತ್ತಿದ್ದೆ, ನನ್ನ ಬೆನ್ನು ನಿನ್ನ ಕಡೆಗಿತ್ತು, ಹಾಗಾಗಿ ನೋಡಿದ್ದರೆ ಜೀಪಿನ ಹತ್ತಿರ ನಿಂತಿದ್ದ ವಿಜಯಕುಮಾರನೇ ನೋಡಿರಬೇಕು ಎಂಬುದು ನಿನ್ನ ಲೆಕ್ಕ. ನಾನು ತಿರುಗಿದ್ದೆ, ದ್ವಾರಕಿ. ನೋಡಿದ್ದೆ. ಅದರ ಹಿಂದಿನ ವಾರವಷ್ಟೇ ಪಕ್ಕದ ತಾಲ್ಲೂಕಿನ ಇನ್ಸ್‌ಪೆಕ್ಟರ್ ಇಂಥದ್ದಕ್ಕೇ ಸಸ್ಪೆಂಡ್ ಆಗಿದ್ದ. ನಾಳೆ ನನ್ನ ತಲೆಗೆ ಬಂದರೆ ಎಂದು ಹೆದರಿ ನಿನ್ನ ಮೇಲೆ ರಿಪೋರ್ಟ್ ಬರೆದವನು ನಾನು. ನೀನು ಬಡ್ತಿಯಿಲ್ಲದೆ ಗಾರ್ಡ್ ಆಗಿಯೇ ನಿವೃತ್ತನಾದದ್ದು ನನ್ನ ಆ ಅರ್ಧ ಪುಟದಿಂದ. ನೀನು ಮನೆಗೆ ಬಂದು, "ಡ್ರೈವರ್ದೇ ಕೆಲಸ ಅಲ್ವಾ ಸಾರ್?" ಎಂದು ಕೇಳಿದಾಗ "ಇರಬಹುದು" ಎಂದೆ. ರಿಪೋರ್ಟಿಗೆ ಹೆದರಿಕೆ ಎಂಬ ನೆಪವಾದರೂ ಇತ್ತು. ಆ ಮಾತಿಗೆ ಏನೂ ಇಲ್ಲ.

ಲಕೋಟೆಯನ್ನು ಸೂಪರಿಂಟೆಂಡೆಂಟರ ಆಫೀಸಿಗೆ ತಲುಪಿಸಿದವನು ವಿಜಯಕುಮಾರ. ಅವನಿಗೆ ಎಲ್ಲ ಗೊತ್ತು. ನಿನ್ನ ಬೈಗುಳ ತಿಂದುಕೊಂಡೇ ಇಷ್ಟು ವರ್ಷ ನನ್ನ ಮಾನ ಕಾಯ್ದಿದ್ದಾನೆ. ಮದುವೆಗೆ ಮೊದಲೇ ಈ ಕಾಗದ ನಿನ್ನ ಕೈ ಸೇರಲಿ ಎಂದು ಇವತ್ತೇ ಹಾಕುತ್ತಿದ್ದೇನೆ. ಹೋಗು, ಅವನ ಕೈ ಹಿಡಿದುಕೋ, ಹುಡುಗಿಗೆ ಅಕ್ಷತೆ ಹಾಕು. ನನಗೆ ಉತ್ತರ ಬರೆಯುವುದು ಬಿಡುವುದು ನಿನ್ನಿಷ್ಟ. ಬರೆದರೆ, ಸಾರ್ ಎಂದು ಮಾತ್ರ ಬರೆಯಬೇಡ.